ಒಂಟೆಯಕ್ಕ ನೀರು ಕುಡಿದ ದಿನ

ಆ ಕಂಡಕ್ಟರಮ್ಮನಿಗೆ ಡಿಪೋದವರು ಇಟ್ಟ ಹೆಸರು ಒಂಟೆಯಕ್ಕ. ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದು ಚೀಲ ಹೆಗಲಿಗೇರಿಸಿದರೆ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಹಟವಲ್ಲ, ವ್ರತವಂತೂ ಮೊದಲೇ ಅಲ್ಲ. ಅವಳ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ, ಅಷ್ಟೇ. ಗಂಡಸರಿಗೇನು ಬಿಡಿ, ಗೋಡೆಯಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಟಿಕೆಟ್ ಹರಿಯುವುದನ್ನು ಕಲಿಯುವ ಮೊದಲೇ ಬಾಯಾರಿಕೆ ತಡೆಯುವುದನ್ನು ಕಲಿಯುತ್ತಿದ್ದರು.

ನೀರು ಕುಡಿಯದವಳ ಕಣ್ಣಿಗೆ ಎಲ್ಲೆಲ್ಲೂ ನೀರೇ. ಬಿಸಿಲಿಗೆ ಡಾಂಬರು ರಸ್ತೆ ಕೆರೆಯಾಗಿ ಹೊಳೆಯುತ್ತಿತ್ತು. ಬಸ್ಸು ಹತ್ತಿರ ಹೋದಷ್ಟೂ ಕೆರೆ ದೂರ ಸರಿಯುತ್ತಿತ್ತು. ಕಂಬಕ್ಕೊರಗಿ ರೆಪ್ಪೆ ಮುಚ್ಚಿದರೆ ಸಾಕು, ಕಿಟಕಿಗಳಿಂದ ನೀರು ಮೆಲ್ಲಗೆ ಒಳಗೆ ಬಂದು ಸೀಟುಗಳು ತೇಲತೊಡಗುತ್ತಿದ್ದವು. ಪ್ರಯಾಣಿಕರು ತೇಲುತ್ತಲೇ ಚಿಲ್ಲರೆ ಚಾಚುತ್ತಿದ್ದರು, ಅವಳು ತೇಲುತ್ತಲೇ ಟಿಕೆಟ್ ಕೊಡುತ್ತಿದ್ದಳು, ಡ್ರೈವರು ತಣ್ಣಗೆ ಹುಟ್ಟು ಹಾಕುತ್ತಿದ್ದ. ರಾತ್ರಿ ನಿದ್ದೆಯಲ್ಲೂ ನೀರು ನೀರು ಅಂತೀಯಲ್ಲಮ್ಮ ಎಂದು ಮಗಳು ರೇಗುತ್ತಿದ್ದಳು.

ಕೊನೆಗೆ ಕಿಡ್ನಿಯಲ್ಲಿ ಕಲ್ಲು ಬೆಳೆಯಿತು. ಇನ್ನೂ ಹೀಗೇ ಇದ್ದರೆ ಕಿಡ್ನಿಯ ಆಸೆ ಬಿಡಿ ಎಂದರು ಡಾಕ್ಟರು.

ಯೂನಿಯನ್ನಿನ ಹೆಂಗಸರು ಕೊಟ್ಟ ಮನವಿಗಳಿಗೆ ಲೆಕ್ಕವಿರಲಿಲ್ಲ. 'ನೋಡೋಣ' ಎನ್ನುತ್ತಲೇ ಮೂವರು ಮ್ಯಾನೇಜರುಗಳು ರಿಟೈರಾಗಿ ಹೋದರು. ಈ ಸಲ ಕಾರ್ಯದರ್ಶಿ, ಅವಳೂ ಕಂಡಕ್ಟರೇ, ಬಾಯಿ ಬಲು ಜೋರು, ಮುಷ್ಕರ ಬೇಡವೆಂದಳು. ಸೋಮವಾರದಿಂದ ಎಲ್ಲರೂ ಹೊಟ್ಟೆ ತುಂಬ ನೀರು ಕುಡಿಯುವುದು. ಅವಸರವಾದರೆ ಶೌಚಾಲಯ ಕಂಡಲ್ಲಿ ಬಸ್ಸು ನಿಲ್ಲಿಸುವುದು. ಮೊದಲು ನಿಲ್ಲಿಸುವವರು ಯಾರು ಎಂದಾಗ ಎಲ್ಲರೂ ಒಂಟೆಯಕ್ಕನ ಮುಖ ನೋಡಿದರು. ನಡುದಾರಿಯಲ್ಲಿ ಬಸ್ಸು ನಿಲ್ಲಿಸಿದವರು ಸಸ್ಪೆಂಡ್ ಎಂದು ಈಗಿನ ಮ್ಯಾನೇಜರು ಆಗಲೇ ಹೇಳಿಯಾಗಿತ್ತು. ಮನೆ ನಡೆಯುವುದು ಅವಳೊಬ್ಬಳ ಸಂಬಳದಲ್ಲಿ. ಆದರೂ ಅವಳಿಗೆ ಅದಕ್ಕಿಂತ ದೊಡ್ಡ ಭಯವೆಂದರೆ ತುಂಬಿದ ಬಸ್ಸಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳುವುದು.

ಸೋಮವಾರ ಕುಡಿದಳು. ಗಂಟಲಿನಿಂದ ಇಳಿದ ನೀರು ಬೆರಳ ತುದಿಯವರೆಗೂ ಹರಿದಂತಾಗಿ, ಆಹಾ, ಇಷ್ಟು ದಿನ ಇದನ್ನೇ ಬಿಟ್ಟಿದ್ದೆನೇ ಎನ್ನಿಸಿತು. ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕ್ ಕಂಡಾಗ ಸೀಟಿ ಊದಿದಳು. ಡ್ರೈವರು ಎಂಜಿನ್ ಆರಿಸಿ, ಪೇಪರ್ ಬಿಡಿಸಿ ಕೂತ.

"ನಂಗೆ ಟಾಯ್ಲೆಟ್ಟಿಗೆ ಹೋಗ್ಬೇಕು. ಸ್ವಲ್ಪ ಕಾಯ್ಬೇಕು ನೀವೆಲ್ಲ," ಎಂದಳು. ಹಿಂದಿನ ಸೀಟಿನಲ್ಲಿ ಯಾರೋ ಗೊಣಗಿದರು, ಇನ್ಯಾರೋ ಅವರ ಬಾಯಿ ಮುಚ್ಚಿಸಿದರು.

ಒಳಗೆ ಹೋಗಿ ಚಿಲಕ ಹಾಕಿದಳು. ಏನೂ ಆಗಲೊಲ್ಲದು! ವರ್ಷಗಟ್ಟಲೆ ಬೇಡ, ಈಗ ಬೇಡ ಎಂದು ಗದರಿಸಿಕೊಂಡು ಬಂದ ದೇಹ, ಇವತ್ತು ಹೂಂ ಎಂದ ಕೂಡಲೇ ನಂಬೀತೇ? ಹೊಟ್ಟೆ ಕಲ್ಲಾಗಿ ಬಿಗಿದಿತ್ತು. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ. ಕೆಲಸವೂ ಹೋಯಿತು, ಮಾನವೂ ಹೋಯಿತು, ಬಂದ ಕೆಲಸ ಮಾತ್ರ ಆಗಲಿಲ್ಲ. ಸುಮ್ಮನೆ ಎದ್ದು ಹೋಗಿಬಿಡಲೇ ಎಂದು ಚಿಲಕಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಗೋಡೆಯ ಆಚೆ ಕೆಮ್ಮು ಕೇಳಿಸಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಅವಳ ಹಿಂದೆಯೇ ಇಳಿದು ಬಂದಿದ್ದರು.

"ಅವಸರ ಮಾಡ್ಬೇಡ ಮಗಳೇ. ನಲ್ಲಿ ಬಿಡ್ತೀನಿ, ಕೇಳಿಸ್ಕೊಂಡು ಕೂತ್ಕೋ. ನಿನ್ನ ಬಿಟ್ಟು ಬಸ್ಸು ಎಲ್ಲಿಗೆ ಹೋಗುತ್ತೆ?"

ಬಕೆಟ್ಟಿಗೆ ನೀರು ಬೀಳತೊಡಗಿತು. ಪುಟ್ಟ ಮಕ್ಕಳಿಗೆ ತಾಯಂದಿರು ಮಾಡುವ ಉಪಾಯ. ಅವಳಿಗೆ ಮೊದಲು ಬಂದದ್ದು ಅಳು. ಉಳಿದದ್ದು ಆಮೇಲೆ ಬಂತು.

ಅಂದು ಸಂಜೆಯೇ ಅವಳನ್ನು ಸಸ್ಪೆಂಡ್ ಮಾಡಿದರು. ಮರುದಿನ ಹೆಂಗಸರು ಕಂಡಕ್ಟರಾಗಿದ್ದ ಬಸ್ಸುಗಳೆಲ್ಲ ಬಂಕುಗಳ ಮುಂದೆ, ಆಸ್ಪತ್ರೆಗಳ ಮುಂದೆ ನಿಂತವು. ಎಷ್ಟೋ ಬಸ್ಸುಗಳಿಂದ ಪ್ರಯಾಣಿಕ ಹೆಂಗಸರೂ ಸೆರಗು ಸರಿಮಾಡಿಕೊಂಡು ಜೊತೆಗೇ ಇಳಿದರು. ವಾರ ತುಂಬುವ ಮೊದಲೇ ಅವಳನ್ನು ವಾಪಸ್ ಕರೆದರು. ಕೆಲವು ತಿಂಗಳಲ್ಲಿ ಕೊನೆಯ ಸ್ಟಾಪಿನಲ್ಲಿ ಪುಟ್ಟ ಕಟ್ಟಡವೂ ಎದ್ದಿತು. ತೆರೆಯುವ ದಿನ ಮ್ಯಾನೇಜರು ದೊಡ್ಡ ಬೀಗವೊಂದನ್ನು ತಂದು, ಶುಚಿಯಾಗಿರಲಿ, ಬೀಗದ ಕೈ ನಮ್ಮ ಆಫೀಸಿನಲ್ಲಿರುತ್ತದೆ, ಬೇಕಾದಾಗ ಕೇಳಿ ಪಡೆಯಿರಿ ಎಂದರು.

"ಕೇಳೋದು ಮುಗೀತು ಸಾರ್," ಎಂದಳು ಒಂಟೆಯಕ್ಕ. "ಚಿಲಕ ಒಳಗಿದೆ, ಅಷ್ಟು ಸಾಕು."

ಮ್ಯಾನೇಜರು ಬೀಗವನ್ನು ಜೇಬಿಗಿಳಿಸಿದರು.