ದೋನ್ ಎಲಿಯೊದೊರೊನ ಹಾರನ್

ದೋನ್ ಎಲಿಯೊದೊರೊ ಬರುವ ಸುದ್ದಿಯನ್ನು ತಾಲ್ತಾಲ್ ಊರಿಗೆ ಅವನ ಹಾರನ್ನೇ ಮೊದಲು ಮುಟ್ಟಿಸುತ್ತದೆ. ಒಂದು ಕಡೆ ಬೋಳು ಬಂಡೆ, ಇನ್ನೊಂದು ಕಡೆ ಬೊಬ್ಬಿರಿಯುವ ಕಡಲು, ನಡುವೆ ಇವನೂ ಇವನ ಹಳೇ ಪಿಕಪ್ಪೂ. ಯಾರನ್ನೂ ಹತ್ತಿಸಿಕೊಳ್ಳುವ ಪೈಕಿಯಲ್ಲ. ಕೈ ಅಡ್ಡ ಹಾಕಿದವರಿಗೆ, "ಸೀಟಿನ ಸ್ಪ್ರಿಂಗು ಚುಚ್ಚುತ್ತೆ ಕಣಪ್ಪ" ಅನ್ನುತ್ತಾನೆ. ದಾರಿಯಲ್ಲಿ ಸತ್ತವರಿಗೆ ಕಟ್ಟಿದ ಪುಟ್ಟ ಗುಡಿ ಕಂಡರೆ ಅಲ್ಲಿಯ ಚಾಲಕರೆಲ್ಲ ಒಮ್ಮೆ ಹಾರನ್ ಹೊಡೆಯುತ್ತಾರೆ. ಇವನಿಗೆ ಒಮ್ಮೆ ಸಾಲದು, ಕಡಲಹಕ್ಕಿಗಳು ಗಾಬರಿಯಿಂದ ಏಳುವಷ್ಟು ಬಾರಿಸಿ, "ಏನ್ರಪ್ಪಾ, ಚೆನ್ನಾಗಿದ್ದೀರಾ?" ಎಂದು ಕೂಗಬೇಕು. "ಸತ್ತವರನ್ನಾದ್ರೂ ನೆಮ್ಮದಿಯಾಗಿರೋಕೆ ಬಿಡಯ್ಯ!" ಎಂದು ಊರಂಚಿನ ಹೋಟೆಲಿನ ಎರ್ಮಿಂದಾ ಬೈಯುತ್ತಾಳೆ. "ಒಬ್ಬೊಬ್ಬರೇ ಇರ್ತಾರೆ ಪಾಪ, ಬೇಜಾರಾಗಲ್ವೇನಮ್ಮ?" ಎನ್ನುತ್ತಾನೆ. ಆದರೆ ಊರು ಕಾಣುವ ಕೊನೆಯ ತಿರುವಿನ ನೀಲಿ ಗುಡಿಯ ಬಳಿ ಮಾತ್ರ ಇಂಜಿನ್ ಆರಿಸಿ, ಇಳಿಜಾರಿನಲ್ಲಿ ಗಾಡಿಯನ್ನು ಸದ್ದಿಲ್ಲದೆ ಉರುಳಲು ಬಿಡುತ್ತಾನೆ. ಅದು ಅವನ ಹೆಂಡತಿ ರೊಸೌರಾಳದು. ಹಿಂದೆ ಇದೇ ದಾರಿಯಲ್ಲಿ, ಗಾಡಿ ಹೊರಟೊಡನೆ ಅವಳು ಪಕ್ಕದ ಸೀಟಿನಲ್ಲಿ ನಿದ್ದೆಹೋಗುತ್ತಿದ್ದಳು, ಇವನು ಹಾರನ್ ಹೊಡೆದೊಡನೆ ಎಚ್ಚೆತ್ತು, "ಈಗಷ್ಟೇ ಕಣ್ಣು ಹತ್ತಿತ್ತು, ನಿಮ್ಮ ಹಾರನ್ನಿಗಿಷ್ಟು ಬೆಂಕಿ ಹಾಕ!" ಎಂದು ಗೊಣಗುತ್ತಿದ್ದಳು. ಎರ್ಮಿಂದಾ ಒಲೆಯ ಮುಂದೆ ಕಿವಿಗೊಟ್ಟು ನಿಂತಿರುತ್ತಾಳೆ. ಹಾರನ್ ನಿಂತು ದಾರಿ ಮೌನವಾದೊಡನೆ, ಬೈಗುಳ ನುಂಗಿಕೊಂಡು, ಅವನ ಪಾಲಿನ ಮೀನನ್ನು ಎಣ್ಣೆಗೆ ಬಿಡುತ್ತಾಳೆ.