ಟೆಲಿಫೋನ್ ಮಾಮನ ಮೇಜಿಗೆ ಬಂದ ಮಾನಿಟರ್

ಕ್ಷೌರದಂಗಡಿಯಲ್ಲಿ ಸರದಿ ಕಾದು ತಲೆ ಹಗುರ ಮಾಡಿಕೊಂಡು ಬಂದ ಟೆಲಿಫೋನ್ ಮಾಮ ಎಂದಿನಂತೆ ಕುರ್ಚಿಗೆ ಕೂತು ಕೈ ಚಾಚಿದರೆ, ಬೆರಳು ಹೋಗಿ ಗಾಜಿಗೆ ಬಡಿಯಿತು. ತಡವಿ ನೋಡಿದ. ಮಾನಿಟರ್! ಹುಟ್ಟುಕುರುಡನ ಮೇಜಿನ ಮೇಲೆ ಮಾನಿಟರ್ ತಂದಿಟ್ಟ ಪುಣ್ಯಾತ್ಮ ಯಾರು? ಈ ಮನೆಯಲ್ಲಿ ಅಂಥ ಘನಕಾರ್ಯ ಮಾಡುವವರು ಒಬ್ಬರೇ. ಅಕ್ಕನ ಗಂಡ, ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಅವತ್ತು ಅವರಿಗೆ ರಜೆ ಬೇರೆ.

ಮಾಮನ ಬದುಕೆಲ್ಲ ಕಿವಿಯದ್ದೇ. ಮೊದಲು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂರುತ್ತಿದ್ದ. ಡಾಕ್ಟರು "ಹಲೋ" ಅಂದರೆ ಸಾಕು, ಅವತ್ತು ಮನೆಯಲ್ಲಿ ಜಗಳ ಆಡಿ ಬಂದಿದ್ದಾರೋ ಇಲ್ಲವೋ ಹೇಳಿಬಿಡುತ್ತಿದ್ದ. ಆ ಬೋರ್ಡನ್ನೇ ಕಿತ್ತು ಮೂಲೆಗೆಸೆದಾಗ ಅವನೇನೂ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಡಾಕ್ಟರುಗಳು ಬಾಯಲ್ಲಿ ಹೇಳಿ ಕಳಿಸುವ ವರದಿಗಳನ್ನು ಮನೆಯಲ್ಲೇ ಕೂತು ಟೈಪು ಮಾಡುವ ಕೆಲಸ ಹಿಡಿದ. ಒಂದು ಕಿವಿಯಲ್ಲಿ ಡಾಕ್ಟರು, ಇನ್ನೊಂದರಲ್ಲಿ ಟೈಪು ಮಾಡಿದ್ದನ್ನು ಓದಿ ಹೇಳುವ ಕಂಪ್ಯೂಟರಿನ ದನಿ. ಆ ದನಿಯ ವೇಗ ಬೇರೆಯವರಿಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ತಿಂಗಳು ಹುಟ್ಟುತ್ತಲೇ ತನ್ನ ಪಾಲಿನ ಖರ್ಚನ್ನು ಅಕ್ಕನ ಕೈಗೆ ಹಾಕುತ್ತಿದ್ದ. ಆಮೇಲೆ ತಿಂಗಳಿಡೀ ಅವಳ ಅಡುಗೆಗೆ ಉಪ್ಪು ಸಾಲದೆಂದು ಧೈರ್ಯವಾಗಿ ಜಗಳ ಕಾಯುತ್ತಿದ್ದ. ಹಂಗಿನ ಕೂಳು ತಿನ್ನುವವನಿಗೆ ಉಪ್ಪು ಕೇಳುವ ಹಕ್ಕಿಲ್ಲ ಎಂಬುದು ಅವನ ಖಡಾಖಂಡಿತ ಅಭಿಪ್ರಾಯ.

"ಭಾವಾ! ಏನು ಮಾಡಿದ್ರಿ ಇದನ್ನ?"

ಮೇಷ್ಟ್ರು ಚಪ್ಪಲಿ ಎಳೆದುಕೊಂಡು ಬಂದರು. "ಸಂತೋಷಪಡಪ್ಪ! ಆ ಹಳೇ ಆಪರೇಟಿಂಗ್ ಸಿಸ್ಟಮ್ ಪೂರ್ತಿ ತೆಗೆದುಹಾಕಿ ಹೊಸದು ಹಾಕಿದೀನಿ. ಪುಕ್ಕಟೆ, ವೈರಸ್ ಕಾಟ ಇಲ್ಲ, ಯಾವ ಕಂಪನಿಗೂ ಅಡಿಯಾಳಾಗಬೇಕಿಲ್ಲ. ನೋಡ್ಕೊಂಡು ಹಾಕೋಕೆ ಅಂತ ನನ್ನ ಮಾನಿಟರ್ ತಂದೆ. ನಿನ್ನ ಫೈಲ್ ಒಂದೂ ಹೋಗಿಲ್ಲ."

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಒಳ್ಳೇದು ಮಾಡೋಕೂ ಅಪ್ಪಣೆ ಬೇಕೇನಯ್ಯ?"

ಮಾಮ ಕೀಲಿ ಒತ್ತಿದ. ಕಂಪ್ಯೂಟರಿನೊಳಗಿಂದ ನೆಗಡಿ ಹಿಡಿದ ಯಾರೋ ಎಳೆದೆಳೆದು ಮಾತಾಡಿದರು. ವೇಗ ಹೆಚ್ಚಿಸಲು ಹೋದರೆ ಆ ದನಿ ಬಾಯಿಯನ್ನೇ ಮುಚ್ಚಿಕೊಂಡಿತು. ಬೆರಳಿಗೆ ಬಾಯಿಪಾಠವಾಗಿದ್ದ ಕೀಲಿಗಳೆಲ್ಲ ಈಗ ಇನ್ನೇನೋ ಮಾಡುತ್ತಿದ್ದವು. ಆಸ್ಪತ್ರೆಯವರು ಕೊಟ್ಟಿದ್ದ ಟೈಪಿಂಗ್ ಪ್ರೋಗ್ರಾಮ್ ಅಂತೂ ಈ ಸಿಸ್ಟಮ್ಮಿಗೆ ಹೊಂದುವುದೇ ಇಲ್ಲವಂತೆ. ಅವತ್ತು ಮನೆಗೆ ಹೊರಡುವ ರೋಗಿಗಳ ವರದಿ ಊಟದ ಹೊತ್ತಿನೊಳಗೆ ತಲುಪಬೇಕಿತ್ತು.

"ಹಳೇದನ್ನೇ ವಾಪಸ್ ಹಾಕಿ. ಈಗಿಂದೀಗ್ಲೇ."

"ಅಳಿಸಿಬಿಟ್ಟೆನಲ್ಲಪ್ಪ, ಎಲ್ಲಿಂದ ತರಲಿ? ನಾಲ್ಕು ದಿನ ಕಷ್ಟ ಅನ್ಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಹೊಸದು ಅಂದ್ರೆ ಎಲ್ರಿಗೂ ಭಯಾನೇ."

ಭಯವಂತೆ, ಭಯ! ಮಾಮನ ಮೈ ಉರಿದುಹೋಯಿತು. ಎದ್ದವನೇ ಮಾನಿಟರಿನ ಹಿಂದೆ ಕೈ ಹಾಕಿ ವೈರು ಕಿತ್ತು ಜೇಬಿಗೆ ತುರುಕಿದ. "ಬನ್ನಿ, ಕೂತ್ಕೊಳ್ಳಿ. ಮೌಸ್ ಮುಟ್ಟಬೇಡಿ. ಈ ದನಿ ಕೇಳ್ಕೊಂಡು ಒಂದೇ ಒಂದು ಸಾಲು ಟೈಪ್ ಮಾಡಿ. ಅಭ್ಯಾಸ ಆಗುತ್ತೆ!"

ಮೇಷ್ಟ್ರು ನಗುತ್ತಲೇ ಕೂತರು. ಒಂದು ಕೀಲಿ ಒತ್ತಿದರು, ದನಿ ಏನೋ ಗೊಣಗಿತು. ಇನ್ನೊಂದು ಒತ್ತಿದರು, ಮತ್ತೇನೋ ಗೊಣಗಿತು. ಆಮೇಲೆ ಸಿಕ್ಕಸಿಕ್ಕದ್ದನ್ನೆಲ್ಲ ಕುಟ್ಟತೊಡಗಿದರು. ನಗು ನಿಂತಿತು.

"ಏನೂ ಕಾಣಿಸ್ತಿಲ್ವಲ್ಲೋ, ಹೇಗೆ ಮಾಡೋದು? ತಲೆಹರಟೆ ಬಿಟ್ಟು ವೈರ್ ಕೊಡು!"

"ಕೊಡಲ್ಲ! ಉಪಕಾರ ಅಂತೆ. ನಿಮ್ಮ ಉಪಕಾರಕ್ಕಿಷ್ಟು ಬೆಂಕಿ ಹಾಕ!" ಬೀದಿಗೆಲ್ಲ ಕೇಳಿರಬೇಕು. ಕೇಳಲಿ ಬಿಡಿ.

ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯಲ್ಲಿ ವರದಿಗಳ ಉಸ್ತುವಾರಿ ನೋಡುವ ಮೇಡಂ. ಮಾಮ ನಡೆದದ್ದನ್ನು ಹೇಳಿದ.

"ನಿಮ್ಮ ಮನೆ ಕಥೆ ಕಟ್ಕೊಂಡು ನನಗೇನಾಗಬೇಕು? ಜನ ಇಲ್ಲಿ ಗಂಟುಮೂಟೆ ಕಟ್ಟಿ ಕೂತಿದ್ದಾರೆ. ಪ್ರೋಗ್ರಾಮೇ ಇಲ್ಲ ಅಂದ್ಮೇಲೆ ನಿಮಗೆ ಕೆಲಸ ಹೇಗೆ ಕೊಡ್ಲಿ? ಕೇಳೋರು ಬೇಕಾದಷ್ಟು ಜನ ಇದ್ದಾರೆ. ಇವತ್ತಿಂದ ಅವರಿಗೇ ಕೊಡ್ತೀನಿ." ಫೋನು ಕಟ್ಟಾಯಿತು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಲೊಚಗುಟ್ಟಿದಳು. "ಹೋದ್ರೆ ಹೋಗ್ಲಿ ಬಿಡೋ. ನಿನಗೇನು ಹೆಂಡ್ತಿ ಮಕ್ಕಳಾ? ಎರಡು ಹೊತ್ತು ಊಟ ತಾನೆ, ನಾವಿಲ್ವಾ?"

ಅವಳು ಪ್ರೀತಿಯಿಂದಲೇ ಅಂದಿದ್ದಳು, ಅದೇ ಮಾಮನಿಗೆ ಸಹಿಸಲಾಗಲಿಲ್ಲ. ಊಟಕ್ಕೆ ಕರೆದಾಗ ಎದ್ದು ಹೋಗಿ ಕೂತ.

ಮೇಷ್ಟ್ರು ಮೊದಲ ತುತ್ತಿಗೇ ರೇಗಿದರು. "ಥೂ, ಏನೇ ಇದು? ಉಪ್ಪೇ ಹಾಕಿಲ್ಲ!"

"ಅಯ್ಯೋ, ಈ ಗಲಾಟೇಲಿ ಮರ್ತೇಹೋಯ್ತು! ಅಲ್ವೋ, ಅರ್ಧ ತಟ್ಟೆ ಮುಗಿಸಿದೀಯ, ನೀನಾದ್ರೂ ಹೇಳಬಾರದಾ?"

ಮಾಮನ ಜೇಬಿನಲ್ಲಿ ಆ ವೈರು ಇನ್ನೂ ಇತ್ತು. ಅವನು ತಲೆ ಎತ್ತಲಿಲ್ಲ.

"ಚೆನ್ನಾಗೇ ಇದೆ," ಎಂದು ಇನ್ನೊಂದು ತುತ್ತು ಕಲಸಿದ.