ಫ್ರೀಜರಿನಲ್ಲಿ ಎಂಜಿನ್ ಆಯಿಲ್

ಗೆಳೆಯರೇ, ಇವತ್ತು ಟೆಕ್ಸಸ್‌ನ ಫ್ಲೂಗರ್‌ವಿಲ್ ಎಂಬ ಊರಿನ ಒಂದು ಮನೆಯ ಫ್ರೀಜರಿನಲ್ಲಿ, ಅವರೆಕಾಳಿನ ಪೊಟ್ಟಣದ ಪಕ್ಕ, ಎಂಜಿನ್ ಆಯಿಲ್ ಇಟ್ಟಿದ್ದೆವು.

ನಾಡಿದ್ದು ನಾನು ನನ್ನ ಹಳೇ ಕಾರಿನಲ್ಲಿ ಮಿನೆಸೋಟಾಕ್ಕೆ ಹೊರಡಬೇಕು. ಅಲ್ಲಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಹಿಮದಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲ ದಿನದ ಪಾಠವೇ ತಪ್ಪುತ್ತದೆ. ಆಯಿಲ್ ಬದಲಾಯಿಸಿ ಕೊಡುತ್ತೇನೆಂದು ಪರಿಚಯದ ಹುಬ್ಬಳ್ಳಿ ಅಂಕಲ್ ತಮ್ಮ ಮನೆಗೆ ಕರೆದಿದ್ದರು.

"ಚಳಿಗೆ ದಪ್ಪನ ಎಣ್ಣೀನ ಬೇಕು. ಚಳಿಯಾಗ ನಾವು ದಪ್ಪನ ಸ್ವೆಟರ್ ಹಾಕ್ಕೊಳ್ಳೂದಿಲ್ಲೇನು?" ಎಂದು ಅಂಕಲ್ 20W-50 ಎಂಬ ದಪ್ಪ ಎಣ್ಣೆಯ ಡಬ್ಬಿ ತೆಗೆದರು.

ಕಾರಿನ ಜೊತೆ ಬಂದ ಪುಸ್ತಕ ಮಾತ್ರ ತೆಳ್ಳನೆಯ 5W-30 ಎನ್ನುತ್ತಿತ್ತು. ನಾನು ಅದನ್ನೇ ಕೊಂಡು ತಂದಿದ್ದೆ, ಆದರೆ ಬಾಯಿಬಿಟ್ಟು ಹೇಳಲು ಸಂಕೋಚ. ಆ ಪುಟ ತೆರೆದು ಅವರೆದುರು ಇಟ್ಟೆ. ಅಂಕಲ್ ಅದರ ಮೇಲೆ ಸ್ಪ್ಯಾನರ್ ಇಟ್ಟರು.

ಆಂಟಿ ಬಾಗಿಲಿಂದಲೇ ಕೇಳಿದರು: "ರೀ, ಥಂಡಿಯಾಗ ಕೊಬ್ಬರಿ ಎಣ್ಣಿ ಗಟ್ಟಿ ಆಗ್ತದ. ನಿಮ್ಮದು ಆಗೂದಿಲ್ಲೇನು?"

ಎರಡೂ ಎಣ್ಣೆ ಪ್ಲಾಸ್ಟಿಕ್ ಲೋಟಗಳಲ್ಲಿ ಫ್ರೀಜರಿಗೆ ಹೋದವು. ಊಟ ಮುಗಿಸಿ, ಅಂಕಲ್ ಒಂದು ನಿದ್ದೆ ತೆಗೆದ ಮೇಲೆ ನೋಡಿದೆವು. ತೆಳ್ಳನೆಯದು ಸಲೀಸಾಗಿ ಸುರಿಯಿತು. ದಪ್ಪನೆಯದು ಕಾಕಂಬಿಯಂತೆ ಲೋಟ ಬಿಡಲೊಲ್ಲದು.

ಅಂಕಲ್ ಕಾರಿಗೆ ತೆಳ್ಳನೆಯದನ್ನೇ ಹಾಕಿದರು. ಆಮೇಲೆ ಹ್ಯೂಸ್ಟನ್ನಿನ ಗೆಳೆಯರೊಬ್ಬರಿಗೆ ಫೋನ್ ಮಾಡಿ, "ಚಳಿ ಊರಿಗೆ ತೆಳ್ಳಂದ ಹಾಕಬೇಕ್ರೀ. ಈಗಿನ ಹುಡುಗರಿಗೆ ಏನೂ ತಿಳಿಯೂದಿಲ್ಲ, ಕಡೀಗೆ ನಾನ ಹೇಳಬೇಕಾತು" ಎಂದು ನನ್ನ ಕಡೆ ನೋಡಿದರು.

"ಹೌದು ಅಂಕಲ್" ಎಂದೆ. ಮಿನೆಸೋಟಾದಲ್ಲಿ ಕಾರು ಹೊರಟರೆ ನನಗೆ ಸಾಕು. ಕೀರ್ತಿ ಟೆಕ್ಸಸ್‌ನಲ್ಲೇ ಇರಲಿ.